ಗಾಜಿನ ಕಡ್ಡಿ ಮತ್ತು ಎರಡು ಸಮುದ್ರದ ಮೀನು

ಮಾರ್ಚ್ 5, ಬುಧವಾರ
ಉಪ್ಪು: 25 (ಪ್ಲಾಸ್ಟಿಕ್ ಡಬ್ಬಿ ಹೇಳಿದ್ದು)

ನಮ್ಮ ಕೋಲಾರ ಸೀಮೆಯಲ್ಲಿ ಸಾವಿರದ ಇನ್ನೂರು ಅಡಿ ಕೊರೆದರೂ ಬೋರ್‌ವೆಲ್‌ನಿಂದ ಬರೀ ಗಾಳಿ ಬರುತ್ತದೆ. ಅಂಥ ಊರಿನಲ್ಲಿ ನನ್ನ ಗಂಡ ಮನೆಯೊಳಕ್ಕೆ ಸಮುದ್ರ ತಂದಿಟ್ಟಿದ್ದಾರೆ.

ಎದುರಿಗೆ ‘ರೀ’ ಎನ್ನುತ್ತೇನೆ, ದಿನಚರಿಯಲ್ಲಾದರೂ ಹೆಸರು ಹಿಡಿದು ಬರೆಯೋಣ. ಗಿರಿ. ಬಂಗಾರಪೇಟೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಊರಿಗಾಂನ ಒಬ್ಬ ಸಾಹೇಬರ ಮೀನಿನ ಟ್ಯಾಂಕಿನ ಪಂಪು ರಿಪೇರಿ ಮಾಡಿಕೊಟ್ಟರಂತೆ. ಸಾಹೇಬರಿಗೆ ವರ್ಗವಾಯಿತು, ಟ್ಯಾಂಕು ನಮ್ಮ ಮನೆಗೆ ವರ್ಗವಾಯಿತು. ಮೂರಡಿ ಗಾಜು, ಕೆಲವು ಬಸವನಹುಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಮೊದಲು ಪಾರಿವಾಳ ಸಾಕಿದ್ದರು, ಆಮೇಲೆ ಮಂಚದ ಕೆಳಗೆ ಅಣಬೆ ಬೆಳೆದರು, ಈಗ ಇದು. ಅದೂ ಕೆರೆಯ ಮೀನಲ್ಲ, ಸಾರಿಗೂ ಬರುವುದಿಲ್ಲ. ಫಿಲ್ಟರ್ ನೀರು ಕ್ಯಾನಿನಲ್ಲಿ ತಂದು ಅದಕ್ಕೆ ಪೊಟ್ಟಣದ ಉಪ್ಪು ಕಲಸಿ ಸಮುದ್ರ ಮಾಡಬೇಕು. ಎಷ್ಟು ಉಪ್ಪಿದೆಯೆಂದು ನೋಡಲು ಮುಳ್ಳು ಓಲಾಡುವ ಒಂದು ಪ್ಲಾಸ್ಟಿಕ್ ಡಬ್ಬಿ. ಇಪ್ಪತ್ತೈದಕ್ಕೆ ನಿಲ್ಲಬೇಕಂತೆ.

ಅಂಗಡಿ ತೆರೆಯಲು ಗಿರಿ ಎಂಟಕ್ಕೇ ಹೊರಡುತ್ತಾರೆ. ಪರೀಕ್ಷೆ ಮಾಡಿ ಬರೆದಿಡುವ ಕೆಲಸ ನನ್ನ ತಲೆಗೆ ಬಂತು. ನೀನು ಮಾಡಿದರೆ ತಪ್ಪುವುದಿಲ್ಲ ಎಂದು ಬೆಣ್ಣೆ ಬೇರೆ ಹಚ್ಚಿದರು. ಬೆಣ್ಣೆಯಾದರೂ ಮಾತು ನಿಜ. ಹದಿನೆಂಟು ವರ್ಷದಿಂದ ಊರಿನ ಮಹಿಳಾ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯೂ ನಾನೇ, ಹಾಲು ಪರೀಕ್ಷೆ ಮಾಡುವವಳೂ ನಾನೇ. ತವರಿಗೆ ಹೋದಾಗ ಅಮ್ಮ ಕಾಸಿದ ಹಾಲಿಗೂ ಹಾಲು ಅಳೆಯುವ ಗಾಜಿನ ಕಡ್ಡಿ ಇಳಿಸಿ ನೋಡಿದವಳು. ಅಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದಳು. ಹಾಲಿನಲ್ಲಿ ನೀರು ಇರಲಿಲ್ಲ, ಅದು ಬೇರೆ ವಿಷಯ.

ಡೈರಿಯಲ್ಲಿ ಇವತ್ತು ನರಸಮ್ಮನಿಗೆ ಎರಡನೇ ಎಚ್ಚರಿಕೆ ಕೊಟ್ಟೆ. ಕಡ್ಡಿಯಲ್ಲಿ ಹಾಲು ಇಪ್ಪತ್ತಾರು ಡಿಗ್ರಿ ತೋರಿಸಬೇಕು, ಕಡಿಮೆಯಾದರೆ ನೀರು ಬೆರೆಸಿದ್ದೆಂದು ಲೆಕ್ಕ. ಅವಳದು ಇಪ್ಪತ್ತನಾಲ್ಕು.

ಮಾರ್ಚ್ 7, ಶುಕ್ರವಾರ
ಉಪ್ಪು: 25 (ಡಬ್ಬಿ), 22 (ನನ್ನ ಕಡ್ಡಿ)

ಆ ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿದರೇ ನನಗೆ ನಂಬಿಕೆ ಬರಲಿಲ್ಲ. ಎಡಕ್ಕೆ ಒರಗಿಸಿದರೆ ಒಂದು, ಬಲಕ್ಕೆ ಒರಗಿಸಿದರೆ ಇನ್ನೊಂದು. ಯೋಚಿಸಿ ನೋಡಿದೆ. ಹಾಲಿಗೂ ಸಮುದ್ರಕ್ಕೂ ಲೆಕ್ಕ ಒಂದೇ, ಬರೀ ನೀರಿಗಿಂತ ಎಷ್ಟು ಭಾರ ಎಂದು ಅಳೆಯುವುದು. ಡೈರಿಯಿಂದ ಲ್ಯಾಕ್ಟೋಮೀಟರ್, ಅದೇ ನಮ್ಮ ಹಾಲಿನ ಕಡ್ಡಿ, ತಂದು ಟ್ಯಾಂಕಿನಲ್ಲಿ ಬಿಟ್ಟೆ. ಗಾಜಿನ ಕಡ್ಡಿ ಗಾಂಭೀರ್ಯದಿಂದ ಎದ್ದು ನಿಂತಿತು. ಇಪ್ಪತ್ತೆರಡು.

ಸಮುದ್ರಕ್ಕೇ ನೀರು ಬೆರೆಸಿದ್ದಾರೆ ಎಂದು ಗಿರಿಯನ್ನು ಹಂಗಿಸಿದೆ. ಡಬ್ಬಿ ಇಪ್ಪತ್ತೈದು ಅನ್ನುತ್ತಿದೆಯಲ್ಲ ಎಂದು ಮೆಲ್ಲಗೆ ವಾದಿಸಿದರು. ಮಕ್ಕಳ ಆಟದ ಸಾಮಾನು ಅದು, ನನ್ನದು ಪ್ರಯೋಗಾಲಯದ ಗಾಜು ಎಂದೆ. ಬಾಯಿ ಮುಚ್ಚಿಕೊಂಡು ಉಪ್ಪಿನ ಪೊಟ್ಟಣ ಒಡೆದರು. ದಿನಕ್ಕೆ ಒಂದು ಡಿಗ್ರಿಯಂತೆ ಏರಿಸುತ್ತೇವೆ.

ಮೀನುಗಳಿಗೆ ಹೆಸರಿಟ್ಟೆ. ದಪ್ಪಗಿರುವುದು ಚಿಕ್ಕದನ್ನು ಸದಾ ಮೂಲೆಗೆ ಅಟ್ಟುತ್ತದೆ. ನಮ್ಮ ಡೈರಿಯ ಅಧ್ಯಕ್ಷೆ ಅನಸೂಯಮ್ಮನವರ ಗತ್ತೇ. ಅದಕ್ಕೇ ಅದು ಅಧ್ಯಕ್ಷೆ, ಚಿಕ್ಕದು ಡೈರೆಕ್ಟರ್. ಅನಸೂಯಮ್ಮನವರ ಕಿವಿಗೆ ಬೀಳಬಾರದು.

ಮಾರ್ಚ್ 10, ಸೋಮವಾರ
ಉಪ್ಪು: 25 (ಕಡ್ಡಿ). ಕೊನೆಗೂ ಸರಿ.

ಇವತ್ತು ನರಸಮ್ಮನ ಹಾಲು ಮತ್ತೆ ಇಪ್ಪತ್ತನಾಲ್ಕು, ಮೂರನೇ ಎಚ್ಚರಿಕೆ. ನಿಯಮದಂತೆ ಹಾಲು ನಿಲ್ಲಿಸಿದೆ. ಸದಸ್ಯತ್ವದಿಂದ ತೆಗೆಯುವುದೋ ಇಲ್ಲವೋ ಇಪ್ಪತ್ತನಾಲ್ಕನೇ ತಾರೀಖು ಕಮಿಟಿ ತೀರ್ಮಾನಿಸುತ್ತದೆ. ವರದಿಯನ್ನು ನಾನೇ ಬರೆದೆ. ತೆಗೆದರೆ ಇನ್ನು ಅವಳ ಹಾಲನ್ನು ಈ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಸಾಲಿನಲ್ಲಿದ್ದವರು ಆಗಲೇ ‘ನೀರಮ್ಮ’ ಎಂದು ಹೆಸರಿಟ್ಟಾಗಿದೆ.

ನರಸಮ್ಮನ ಮನೆ ನಮ್ಮ ಮನೆಗೆ ಎದುರೇ. ವಯಸ್ಸು ಅರವತ್ತೆಂಟು, ಒಂದೇ ಹಸು. ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ಅಂತಲೇ ಕರೆಯುತ್ತೇನೆ. ಹಾಗೆಂದು ಡಿಗ್ರಿ ಬಿಟ್ಟುಕೊಡಲಾಗುತ್ತದೆಯೇ? ಕ್ಯಾನು ಮುಚ್ಚುತ್ತಾ ಎಲ್ಲರ ಎದುರಿಗೆ ಹೇಳಿದಳು.

“ನಿನ್ ಕಡ್ಡಿ ಸುಳ್ಳೇಳ್ತೈತೆ ಶ್ಯಾಮಲಾ. ನನ್ ಅಸ ಸುಳ್ಳೇಳಾಕಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೂ ಅಂದುಬಿಟ್ಟೆ. ಎಲ್ಲರೂ ನಕ್ಕರು. ನರಸಮ್ಮ ನಗಲಿಲ್ಲ.

ನಿಜ ಹೇಳಬೇಕೆಂದರೆ ಊರಿಗೆ ಊರೇ ಕೆಟ್ಟಿದೆ. ಹಾಲು ಪರೀಕ್ಷೆಯ ಯಂತ್ರ ಕೆಟ್ಟು ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ರಿಪೇರಿಗೆ ಹೋಯಿತು. ಬೀರುವಿನಿಂದ ಹಳೆಯ ಲ್ಯಾಕ್ಟೋಮೀಟರ್ ತೆಗೆದೆ. ಅವತ್ತಿನಿಂದಲೇ ಎಲ್ಲರ ಹಾಲೂ ಮೂರು ಮೂರು ಡಿಗ್ರಿ ಇಳಿದಿದೆ. ಮೂವತ್ತಿದ್ದವರು ಇಪ್ಪತ್ತೇಳು, ಇಪ್ಪತ್ತೊಂಬತ್ತಿದ್ದವರು ಇಪ್ಪತ್ತಾರು. ಯಂತ್ರವಿದ್ದಾಗ ಹೆದರುತ್ತಿದ್ದವರಿಗೆ ಗಾಜಿನ ಕಡ್ಡಿ ಕಂಡ ತಕ್ಷಣ ಧೈರ್ಯ ಬಂದಿದೆ. ಇಷ್ಟಾದರೂ ನಮ್ಮ ಡೈರಿಯ ಹಾಲು ಗಟ್ಟಿಯಾಗಿದೆ ಎಂದು ಹಾಲು ಒಕ್ಕೂಟದಿಂದ ಚೀಟಿ ಬಂದಿದೆ. ನಾನು ಬಿಗಿ ಹಿಡಿದಿದ್ದಕ್ಕೇ ಅದು.

ಮಾರ್ಚ್ 12, ಬುಧವಾರ
ಉಪ್ಪು: 25

ಡೈರೆಕ್ಟರ್ ಊಟ ಬಿಟ್ಟಿದೆ. ಅಧ್ಯಕ್ಷೆ ಕಲ್ಲಿನ ಹಿಂದೆ ಸೇರಿಕೊಂಡು ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದೆ. ಕಡ್ಡಿ ಸರಿಯಾಗಿದೆ ಅನ್ನುವಾಗ ಇವಕ್ಕೆ ಏನು ಕಷ್ಟವೋ ತಿಳಿಯದು.

ಮಾರ್ಚ್ 14, ಶುಕ್ರವಾರ
ಉಪ್ಪು: 25. ಅಮೋನಿಯಾ: ದೇವರಿಗೇ ಗೊತ್ತು.

ನೀರಿನಲ್ಲಿ ಅಮೋನಿಯಾ ಸೇರಿದರೆ ಮೀನು ಹೀಗೆ ಏದುತ್ತವಂತೆ. ನೋಡಲು ಕಿಟ್ ಇದೆ. ಸಣ್ಣ ಸೀಸೆಗೆ ಟ್ಯಾಂಕಿನ ನೀರು, ಅದಕ್ಕೆ ಎಂಟು ಹನಿ ಔಷಧಿ, ಐದು ನಿಮಿಷ ಕಾಯಬೇಕು, ಆಮೇಲೆ ಬಣ್ಣವನ್ನು ಕಾರ್ಡಿಗೆ ಹಿಡಿದು ಹೋಲಿಸಬೇಕು. ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ಅಪಾಯ.

ಸಾಹೇಬರು ಕೊಟ್ಟ ಹಳೆಯ ಕಿಟ್ ನಿಂಬೆಹಣ್ಣಿನ ಹಾಗೆ ಹಳದಿ. ಆಂಡರ್ಸನ್‌ಪೇಟೆಯ ಮೀನಿನ ಅಂಗಡಿಯಿಂದ ಗಿರಿ ತಂದ ಹೊಸ ಕಿಟ್ ಕೊತ್ತಂಬರಿ ಚಟ್ನಿಯ ಹಾಗೆ ಹಸಿರು. ಆನ್‌ಲೈನಿನಲ್ಲಿ ತರಿಸಿದ ಕಾಗದದ ಪಟ್ಟಿ ಅತ್ತ ಹಳದಿಯೂ ಅಲ್ಲ, ಇತ್ತ ಹಸಿರೂ ಅಲ್ಲ. ಮೂರೂ ಒಂದೇ ಟ್ಯಾಂಕಿನ ನೀರು. ಆ ಪಟ್ಟಿಯ ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂದು, ಅಂಗಳದ ಬಿಸಿಲಿನಲ್ಲಿ ಇನ್ನೊಂದು. ಗಿರಿ ಗಿಳಿಹಸಿರು ಅಂದರು, ನಾನು ಮೆಂತ್ಯದ ಬಣ್ಣ ಅಂದೆ. ಮದುವೆಯಾಗಿ ಇಪ್ಪತ್ತಮೂರು ವರ್ಷಕ್ಕೆ ಮೊದಲ ಸಲ ಬಣ್ಣದ ಮೇಲೆ ಜಗಳವಾಡಿದೆವು. ಸೀರೆ ಅಂಗಡಿಯಲ್ಲೂ ಆಡಿರಲಿಲ್ಲ.

ಮಾರ್ಚ್ 15, ಶನಿವಾರ
ಉಪ್ಪು: 25

ಹದಿನೆಂಟು ವರ್ಷದ ಹಿಂದೆ ಕೋಲಾರದಲ್ಲಿ ತರಬೇತಿ ಕೊಟ್ಟಾಗ ಮೇಷ್ಟರು ಒಂದು ಮಾತು ಹೇಳಿದ್ದರು. ಪರೀಕ್ಷೆ ಮಾಡುವ ಸಾಮಾನನ್ನು ಮೊದಲು ಪರೀಕ್ಷೆ ಮಾಡಿ, ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಅದಕ್ಕೆ ಕೇಳಿ. ಅದು ಇವತ್ತು ಉಪಯೋಗಕ್ಕೆ ಬಂತು.

ಮೊದಲು ನಾವು ಕುಡಿಯುವ ಫಿಲ್ಟರ್ ನೀರು. ಹೊಸ ಕಿಟ್ ಅದಕ್ಕೂ ಹಸಿರು ತೋರಿಸಿತು. ಆ ಲೆಕ್ಕದಲ್ಲಿ ನಾನೂ ಗಿರಿಯೂ ಇಷ್ಟು ಹೊತ್ತಿಗೆ ಮೇಲಕ್ಕೆ ತೇಲಬೇಕಿತ್ತು. ಇನ್ನು ಅಮೋನಿಯಾ ಖಂಡಿತ ಇರುವಂಥದ್ದು ಯಾವುದು? ದನ ಕಟ್ಟುವ ಊರಿನಲ್ಲಿ ಇದಕ್ಕೆ ಯೋಚನೆಯೇ ಬೇಡ. ಎರಡು ದಿನದ ಹಳೆಯ ಗಂಜಲ, ಮೂಗು ಹಿಡಿದರೂ ಬಿಡದಂಥದ್ದು.

ಹತ್ತಿರದ ಕೊಟ್ಟಿಗೆ ನರಸಮ್ಮನದೇ. ನಾನು ಹೇಗೆ ಹೋಗಲಿ? ಗಿರಿಯನ್ನು ಬಾಟಲಿ ಕೊಟ್ಟು ಕಳಿಸಿದೆ. ತಂದರು. ಬರುವಾಗ ಅವರ ಮುಖದಲ್ಲಿ ನಗು ತಡೆಯಲು ಆಗುತ್ತಿರಲಿಲ್ಲ. ನರಸಮ್ಮ ಬಾಟಲಿ ತುಂಬಿಸಿ ಕೊಡುತ್ತಾ ಹೇಳಿ ಕಳಿಸಿದ ಮಾತು ಇದು:

“ಇದ್ರಾಗೂ ನೀರು ಸೇರ್ಸಿದೀನಾ ಅಂತ ನೋಡ್ಕಳಾಕೇಳಪ್ಪ ನಿನ್ ಎಂಡ್ರಿಗೆ.”

ಗಿರಿಗೆ ನಗು, ನನಗೆ ಉರಿ. ಫಿಲ್ಟರ್ ನೀರಿಗೆ ಗಂಜಲ ಒಂದು ಹನಿ ಬಿಟ್ಟು ಸಾಹೇಬರ ಹಳೆಯ ಕಿಟ್ ಹಾಕಿದೆ. ಹಳದಿ. ಇನ್ನೂ ನಾಲ್ಕು ಹನಿ ಬಿಟ್ಟೆ. ಹಳದಿಯೇ. ಗಂಜಲದಲ್ಲೂ ಅಮೋನಿಯಾ ಇಲ್ಲ ಅನ್ನುವ ಪುಣ್ಯಾತ್ಮ ಕಿಟ್. ಪೆಟ್ಟಿಗೆ ತಿರುಗಿಸಿದರೆ ಅದರ ಅವಧಿ ಮುಗಿದು ವರ್ಷವಾಗಿದೆ. ಕಾಗದದ ಪಟ್ಟಿಯಂತೂ ಫಿಲ್ಟರ್ ನೀರು, ಗಂಜಲ, ಟ್ಯಾಂಕು ಮೂರಕ್ಕೂ ಅದೇ ಬಣ್ಣ ಕೊಟ್ಟಿತು. ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಅದು.

ಒಬ್ಬ ಎಲ್ಲದಕ್ಕೂ ಹೆದರುತ್ತಾನೆ, ಒಬ್ಬನಿಗೆ ಏನೂ ಕಾಣುವುದಿಲ್ಲ, ಇನ್ನೊಬ್ಬ ಎಲ್ಲರಿಗೂ ಹೂಂ ಅನ್ನುತ್ತಾನೆ. ಮೂರನ್ನೂ ಕಸಕ್ಕೆ ಹಾಕಿದೆ. ಈ ಮನೆಯಲ್ಲಿ ನಂಬುವಂಥದ್ದು ಉಳಿದಿರುವುದು ನನ್ನ ಕಡ್ಡಿ ಒಂದೇ.

ಮಾರ್ಚ್ 18, ಮಂಗಳವಾರ
ಉಪ್ಪು: 25

ಎರಡು ಬಸವನಹುಳು ಸತ್ತವು. ಡೈರೆಕ್ಟರ್ ಪಕ್ಕಕ್ಕೆ ವಾಲಿಕೊಂಡು ಈಜುತ್ತಿದೆ.

ಬೆಳಿಗ್ಗೆ ಡೈರಿಯಿಂದ ಬರುವಾಗ ನರಸಮ್ಮ ಕ್ಯಾನು ಹೊತ್ತು ಬಸ್ಸಿಗೆ ನಿಂತಿದ್ದಳು. ಹಾಲನ್ನು ಬಂಗಾರಪೇಟೆಯ ಒಂದು ಹೋಟೆಲಿಗೆ ಹಾಕುತ್ತಿದ್ದಾಳಂತೆ. ಹೋಟೆಲಿನವನು ಇಂಥ ಹಾಲು ಸಿಕ್ಕಿದ್ದು ತನ್ನ ಪುಣ್ಯ ಅನ್ನುತ್ತಾನೆಂದು ಗಿರಿ ಹೇಳಿದರು. ಹೋಟೆಲಿನವನಿಗೆ ಡಿಗ್ರಿ ಏನು ಗೊತ್ತು ಎಂದೆ. ಕಾಫಿ ಗೊತ್ತಲ್ಲ ಎಂದರು. ನನಗೆ ಸಿಟ್ಟು ಬಂತು, ಯಾಕೆಂದು ಸರಿಯಾಗಿ ಗೊತ್ತಾಗಲಿಲ್ಲ.

ಸಂಜೆ ಬಹಳ ಹೊತ್ತು ಟ್ಯಾಂಕಿನ ಮುಂದೆ ಕುಳಿತಿದ್ದೆ. ಡೈರೆಕ್ಟರ್ ಗಾಜಿನ ಹತ್ತಿರ ಬಂದು ನನ್ನನ್ನೇ ನೋಡಿತು. ಸಾಯಬೇಡ ಮಾರಾಯ ಎಂದು ಬಾಯಿಬಿಟ್ಟೇ ಹೇಳಿದೆ.

ಮಾರ್ಚ್ 19, ಬುಧವಾರ

ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಕಡ್ಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೇ ಆಂಡರ್ಸನ್‌ಪೇಟೆಗೆ ಹೋದೆ. ಮೀನಿನ ಅಂಗಡಿಯ ನಂದಕುಮಾರ್ ಒಳ್ಳೆಯ ಹುಡುಗ, ತಮಿಳು ಬೆರೆಸಿ ಮಾತಾಡುತ್ತಾನೆ. ಕಿಟ್‌ಗಳ ಬಗ್ಗೆ ಅವನಿಗೆ ಒಂದು ಸುತ್ತು ಬೈದೆ. ಅವನು ಬೇಸರ ಮಾಡಿಕೊಳ್ಳದೆ ಹೊಸ ಕಿಟ್ ವಾಪಸ್ಸು ತಗೊಳ್ಳುತ್ತೇನೆ ಅಂದ. ಕಸಕ್ಕೆ ಹಾಕಿದ್ದೇನೆ ಅನ್ನಬೇಕಾಯಿತು.

ಆಮೇಲೆ ಕಣ್ಣಿಗೆ ಹಿಡಿದು ನೋಡುವ ಒಂದು ಕೊಳವೆ ತೆಗೆದ. ಅದರ ತುದಿಯ ಗಾಜಿಗೆ ನಮ್ಮ ನೀರಿನ ಒಂದು ಹನಿ ಹಾಕಿ ಬೆಳಕಿಗೆ ಹಿಡಿದ.

“ಅಮೋನಿಯಾ ಎಲ್ಲ ಅಲ್ಲಕ್ಕಾ. ಉಪ್ಪು ಜಾಸ್ತಿ. ಇಪ್ಪತ್ತೆಂಟು ಇದೆ. ಪಾವಂ ಮೀನು, ಉಪ್ಪಿನಕಾಯಿ ಹಾಕಿಬಿಟ್ರಿ.”

ನಿನ್ನ ಕೊಳವೆ ಕೆಟ್ಟಿದೆ ಎಂದೆ. ಅವನು ಬೇರೆ ನೀರಿನ ಹನಿ ಹಾಕಿ ತೋರಿಸಿದ, ಕುಡಿಯುವ ಶುದ್ಧ ನೀರು. ಬರೀ ನೀರಿಗೆ ಸೊನ್ನೆ ತೋರಿಸಬೇಕು, ಸೊನ್ನೆಯನ್ನೇ ತೋರಿಸಿತು. ದಿನಾ ಅಂಗಡಿ ತೆಗೆದ ಕೂಡಲೇ ಹೀಗೆ ನೋಡಿಕೊಳ್ಳುತ್ತಾನಂತೆ. ನಿಮ್ಮ ಕಡ್ಡಿಯನ್ನೂ ಒಂದು ಸಲ ಬರೀ ನೀರಿಗೆ ಬಿಟ್ಟು ನೋಡೋಣ ಅಂದ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಂದೆ. ಬಸ್ಸು ಬರಲು ಇನ್ನೂ ನಲವತ್ತು ನಿಮಿಷವಿತ್ತು.

ಮಾರ್ಚ್ 20, ಗುರುವಾರ

ಇವತ್ತು ಬರೆಯುವಂಥದ್ದು ಏನೂ ಇಲ್ಲ. ಕಡ್ಡಿ ಟವೆಲ್ಲಿನಲ್ಲೇ ಇದೆ. ಬೆಳಿಗ್ಗೆ ಎಲ್ಲರ ಹಾಲನ್ನೂ ಪರೀಕ್ಷೆ ಮಾಡದೆ ತಗೊಂಡೆ, ತಲೆನೋವು ಅಂದೆ.

ಮಾರ್ಚ್ 21, ಶುಕ್ರವಾರ

ಗಿರಿ ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಉದ್ದನೆಯ ಲೋಟಕ್ಕೆ ಫಿಲ್ಟರ್ ನೀರು ಹಾಕಿ ಕಡ್ಡಿ ಬಿಟ್ಟೆ. ಸೊನ್ನೆಯ ಗೆರೆ ನೀರಿನ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಗೆರೆ ನೀರಿನೊಳಕ್ಕೆ ಇಳಿದು ಮುಳುಗಿಹೋಯಿತು. ತೆಗೆದು ಒರೆಸಿ ಮತ್ತೆ ಬಿಟ್ಟೆ. ಮತ್ತೆ ಮುಳುಗಿತು. ಐದು ಸಲ.

ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ಅಂಕಿ ಬರೆದ ಸುರುಳಿ ಕಾಗದದ ಅಂಟು ಬಿಟ್ಟುಹೋಗಿ ಕಾಗದ ಕೆಳಕ್ಕೆ ಜಾರಿದೆ. ಕಾಳುಮೆಣಸಿನಷ್ಟು. ಅಷ್ಟಕ್ಕೇ ಮೂರು ಡಿಗ್ರಿ. ಇಪ್ಪತ್ತೈದರ ಸಮುದ್ರ ಇದಕ್ಕೆ ಇಪ್ಪತ್ತೆರಡು. ಆ ಆಟದ ಡಬ್ಬಿಯೇ ಸರಿ ಹೇಳಿತ್ತು.

ಆಮೇಲೆ ಡೈರಿಯ ರಿಜಿಸ್ಟರ್ ತೆಗೆದೆ. ಊರಿಗೆ ಊರೇ ಒಂದೇ ದಿನ ಕೆಟ್ಟಿತು ಎಂದು ಇದೇ ದಿನಚರಿಯಲ್ಲಿ ಬರೆದಿದ್ದೇನೆ, ಹಿಂದಿನ ಹಾಳೆ ತಿರುಗಿಸಿ ಓದಿಕೊಂಡೆ. ಎಂಥ ಬುದ್ಧಿ. ಎಲ್ಲರದಕ್ಕೂ ಮೂರು ಕೂಡಿಸಿದರೆ ಯಂತ್ರವಿದ್ದಾಗಿನ ಅಂಕಿಯೇ ಬರುತ್ತದೆ. ಬೇರೆಯವರ ಹಾಲು ಗಟ್ಟಿ ಇದ್ದದ್ದರಿಂದ ಮೂರು ಕಳೆದರೂ ಪಾಸಾಯಿತು. ನರಸಮ್ಮತ್ತೆಯ ಹಸುವಿನದು ಮೊದಲಿನಿಂದಲೂ ಇಪ್ಪತ್ತೇಳು. ಅವರ ಹಾಲಿನಲ್ಲಿ ಒಂದು ಹನಿ ನೀರೂ ಇರಲಿಲ್ಲ.

ಕಿಟ್‌ಗಳನ್ನು ಗಂಜಲ ಹಾಕಿ ಪರೀಕ್ಷಿಸಿದ ಜಾಣೆ ನಾನು. ನನ್ನ ಕಡ್ಡಿಗೆ ಒಂದು ಲೋಟ ನೀರು ಹಿಡಿಯಲಿಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಆರಿಸುವವರ ಜಾತಿ.

ನಾಚಿಕೆಯಾಗುತ್ತಿದೆ. ಅಡುಗೆ ಮಾಡಲಿಲ್ಲ. ಟ್ಯಾಂಕಿನಿಂದ ಎರಡು ಮಗ್ಗು ಉಪ್ಪುನೀರು ತೆಗೆದು ಎರಡು ಮಗ್ಗು ಫಿಲ್ಟರ್ ನೀರು ಹಾಕಿದೆ. ನಂದಕುಮಾರನ ಲೆಕ್ಕದಂತೆ ದಿನವೂ ಹೀಗೆ ಸ್ವಲ್ಪ ಸ್ವಲ್ಪ ಇಳಿಸಬೇಕು.

ಮಾರ್ಚ್ 22, ಶನಿವಾರ

ಅನಸೂಯಮ್ಮನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಕೇಳಿದರು. ಕೊನೆಗೆ ಒಂದು ಉಪಾಯ ಹೇಳಿದರು. ಹೊಸ ಕಡ್ಡಿ ತರಿಸು, ಹಳೆಯದನ್ನು ಎಸೆ. ನರಸಮ್ಮನದು ಮೊದಲ ತಪ್ಪು, ವಯಸ್ಸಾದವಳು, ಕಮಿಟಿ ಈ ಸಲ ಕ್ಷಮಿಸಿದೆ ಎಂದು ಬರೆದು ಹಾಲು ತಗೊಳ್ಳೋಣ.

“ಡೈರಿ ಮರ್ವಾದೆ ಉಳೀಬೇಕಲ್ಲಮ್ಮ. ನಿಂದೂ ಉಳೀತದೆ.”

ಉಪಾಯ ಚೆನ್ನಾಗಿದೆ ಅನ್ನಿಸಿತು. ದಾರಿಯುದ್ದಕ್ಕೂ ಚೆನ್ನಾಗಿದೆ ಚೆನ್ನಾಗಿದೆ ಅಂದುಕೊಂಡೇ ಬಂದೆ. ಮನೆ ಬಾಗಿಲಿಗೆ ಬಂದರೆ ಎದುರು ಜಗಲಿಯಲ್ಲಿ ನರಸಮ್ಮತ್ತೆ ಖಾಲಿ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದರು. ಮಾಡದ ತಪ್ಪಿಗೆ ಕ್ಷಮೆ ಕೊಡಲು ನಾನು ಯಾರು?

ಡೈರೆಕ್ಟರ್ ಇವತ್ತು ನೆಟ್ಟಗೆ ಈಜಿತು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ಸಾಲು ನಿಂತಿತ್ತು. ಅದಕ್ಕೂ ಮೊದಲು ನರಸಮ್ಮತ್ತೆಯ ಮನೆಗೆ ಹೋಗಿ ಕರೆದಿದ್ದೆ. ಏನೂ ಕೇಳದೆ ಕ್ಯಾನು ತಗೊಂಡು ಬಂದರು, ಕಮಿಟಿ ತೀರ್ಮಾನ ಹೇಳಲು ಕರೆದಿದ್ದಾಳೆ ಅಂದುಕೊಂಡಿರಬೇಕು. ಮುಖ ಸಪ್ಪಗಿತ್ತು.

ಮೇಜಿನ ಮೇಲೆ ನೀರಿನ ಲೋಟ ಇಟ್ಟು ಕಡ್ಡಿ ಬಿಟ್ಟೆ. ಒಬ್ಬೊಬ್ಬರನ್ನೇ ಕರೆದು ಸೊನ್ನೆಯ ಗೆರೆ ಎಲ್ಲಿದೆ ನೋಡಿ ಅಂದೆ. ಯಾರಿಗೂ ಕಾಣಲಿಲ್ಲ. ಆಮೇಲೆ ತರಿಸಿದ್ದ ಹೊಸ ಕಡ್ಡಿ ಬಿಟ್ಟೆ, ಗೆರೆ ನೀರಿನ ಮಟ್ಟಕ್ಕೆ ನಿಂತಿತು. ಅದೇ ಕಡ್ಡಿಯನ್ನು ನರಸಮ್ಮತ್ತೆಯ ಹಾಲಿಗೆ ಬಿಟ್ಟೆ. ಇಪ್ಪತ್ತೇಳು. ತಪ್ಪು ನನ್ನದು, ಕಡ್ಡಿಯನ್ನು ನೋಡಿಕೊಳ್ಳದೆ ನಿಮ್ಮೆಲ್ಲರ ಹಾಲಿಗೂ ಹೆಸರಿಟ್ಟೆ, ಇವರ ಮರ್ಯಾದೆ ತೆಗೆದೆ, ವರದಿ ಹರಿದು ಹಾಕಿದ್ದೇನೆ ಎಂದು ಹೇಳಿದೆ. ಅನಸೂಯಮ್ಮನವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ನರಸಮ್ಮತ್ತೆ ಹಳೆಯ ಕಡ್ಡಿಯನ್ನು ಕೈಗೆ ತಗೊಂಡು ಜಾರಿದ ಕಾಗದವನ್ನು ಬಹಳ ಹೊತ್ತು ನೋಡಿದರು.

“ಅಂಗಾರೆ ನೆಲಾನೇ ಡೊಂಕಿತ್ತು ಅನ್ನು,” ಅಂದರು. ಈ ಸಲ ಯಾರೂ ನಗಲಿಲ್ಲ. ಕಡ್ಡಿಯನ್ನು ಮೇಜಿನ ಮೇಲಿಟ್ಟು, ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು. “ಗಾಜು ಕೆಟ್ಟೋಗದು ಸಹಜ ಕಣಮ್ಮ. ಇಪ್ಪತ್ಮೂರು ವರ್ಸ ಎದುರುಮನೇಲಿದ್ದು, ಒಂದ್ ದಪಾನೂ ನನ್ ಮಕ ನೋಡ್ಲಿಲ್ವಲ್ಲ ನೀನು.”

ಕಣ್ಣಲ್ಲಿ ನೀರು ಬಂತು. ಕ್ಯಾನು ತುಂಬಿಸಿಕೊಳ್ಳುವ ನೆಪದಲ್ಲಿ ಬಗ್ಗಿದೆ.

ಮಾರ್ಚ್ 27, ಗುರುವಾರ

ಹೊಸ ಕಾಟ. ಸಾಲಿನಲ್ಲಿರುವವರೆಲ್ಲ ಈಗ ಪರೀಕ್ಷಕರು. ಮೊದಲು ನೀರಿಗೆ ಬಿಟ್ಟು ತೋರಿಸಮ್ಮ, ಆಮೇಲೆ ಹಾಲಿಗೆ ಬಿಡು ಅನ್ನುತ್ತಾರೆ. ದಿನಾ ಬೆಳಿಗ್ಗೆ ಸೊನ್ನೆಯ ದರ್ಶನ ಮಾಡಿಸಿದ ಮೇಲೆಯೇ ಕ್ಯಾನು ಮುಚ್ಚಳ ತೆಗೆಯುವುದು. ಅರ್ಧ ಗಂಟೆ ತಡವಾಗುತ್ತಿದೆ. ಲೋಟ ಹಿಡಿಯುವುದು ನರಸಮ್ಮತ್ತೆಯೇ. ‘ನೀರಮ್ಮ’ ಎಂಬ ಹೆಸರು ಈಗ ನನಗೆ ಬಂದಿದೆಯೆಂದು ಗಿರಿ ಎಲ್ಲಿಂದಲೋ ಕೇಳಿಕೊಂಡು ಬಂದರು. ಬರಲಿ.

ಮೀನು ಎರಡೂ ಊಟ ಮಾಡುತ್ತಿವೆ. ಅಧ್ಯಕ್ಷೆ ಮತ್ತೆ ಡೈರೆಕ್ಟರನ್ನು ಮೂಲೆಗೆ ಅಟ್ಟಲು ಶುರು ಮಾಡಿದೆ. ನೋಡಿ ಸಂತೋಷವಾಯಿತು.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ನರಸಮ್ಮತ್ತೆ ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಬಂದರು. ಹಬ್ಬದ ಹಾಲು ಕೊಡುವ ನೆಪ, ಮೀನು ನೋಡುವ ಆಸೆ. ಸಮುದ್ರ ನೋಡಿದವರಲ್ಲ. ಟ್ಯಾಂಕಿನ ಮುಂದೆ ಸ್ಟೂಲು ಹಾಕಿ ಕೂರಿಸಿದೆ. ಸ್ವಲ್ಪ ಹೊತ್ತು ನೋಡಿ, ದಪ್ಪಗಿರೋದು ಎಣ್ಣು ಅಲ್ವಾ ಅಂದರು. ಹೌದು, ನಂದಕುಮಾರನೂ ಅದನ್ನೇ ಹೇಳಿದ್ದ. ಹೇಗೆ ಗೊತ್ತಾಯಿತು ಅಂದೆ. ನೋಡಿದ್ರೆ ಗೊತ್ತಾಗಾಕಿಲ್ವಾ ಅಂದರು. ಅಧ್ಯಕ್ಷೆ, ಡೈರೆಕ್ಟರ್ ಎಂದು ಹೆಸರು ಹೇಳಿದೆ, ಯಾರನ್ನು ನೋಡಿ ಇಟ್ಟಿದ್ದೆಂದೂ ಹೇಳಿಬಿಟ್ಟೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೇವು ಬೆಲ್ಲ ತಿಂದು, ಮಧ್ಯಾಹ್ನ ಒಬ್ಬಟ್ಟಿಗೆ ಬತ್ತೀನಿ ಅಂತ ಹೇಳಿ ಹೋದರು.

ಅವರ ಹಾಲು ಕಾಸಿ ಕಾಫಿ ಮಾಡಿದೆ. ಚೆನ್ನಾಗಿತ್ತು. ಗಿರಿ ಎರಡನೇ ಲೋಟ ಕೇಳುತ್ತಾ, ಎಷ್ಟು ಡಿಗ್ರಿ ಬಂತು ಅಂದರು. ಆಗ ನೆನಪಾಯಿತು, ಕಡ್ಡಿ ಡೈರಿಯಲ್ಲೇ ಇದೆ. ಗೊತ್ತಿಲ್ಲ, ನೋಡಲಿಲ್ಲ ಅಂದೆ.

ಗಿರಿ ಯಾಕೆ ಹಾಗೆ ನನ್ನ ಮುಖವನ್ನೇ ನೋಡಿದರೋ ತಿಳಿಯಲಿಲ್ಲ. ಒಬ್ಬಟ್ಟಿನ ಕಣಕ ನೆನೆಯುತ್ತಿದೆ, ಹೋಗಬೇಕು.